ಮುತ್ತಜ್ಜನ ಹಿತ್ತಾಳೆ ರೀಲಿಗೆ ಗೇರು ಯಾಕಿಲ್ಲ?

ಪ್ರಶ್ನೆ: ಕೊಡಗಿನ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಮುತ್ತಜ್ಜನ ಟ್ರಂಕಿನಲ್ಲಿ ಗಾಳದ ರೀಲೊಂದು ಸಿಕ್ಕಿದೆ. ಕಾಫಿ ತೋಟದ ದೊರೆಯೊಬ್ಬರು ತಮ್ಮ ದೇಶಕ್ಕೆ ವಾಪಸು ಹೊರಟಾಗ ಕೊಟ್ಟು ಹೋದದ್ದಂತೆ. ಪೂರ್ತಿ ಹಿತ್ತಾಳೆ. ಮೂರು ಇಂಚು ಅಗಲದ ದುಂಡು ತಟ್ಟೆ, ಅದರ ಅಂಚಿನಲ್ಲಿ ಮೂಳೆಯದೋ ದಂತದ್ದೋ ಒಂದು ಹಿಡಿ. ಆ ತಟ್ಟೆಯೇ ತಿರುಗುತ್ತದೆ. ತಿರುಗಿಸಿದರೆ ಕಟಕಟ ಸದ್ದು. ಒಳಗೆ ಗೇರಿಲ್ಲ, ಹಿಡಿ ಒಂದು ಸುತ್ತು ಬಂದರೆ ದಾರ ಸುತ್ತುವ ಉರುಳೆಯೂ ಒಂದೇ ಸುತ್ತು. ಇದು ಫ್ಲೈ ಫಿಶಿಂಗಿನ ರೀಲು ಎಂದು ತಿಳಿದವರು ಹೇಳಿದರು. ಗೇರಿಲ್ಲದ್ದು ಅಗ್ಗದ ಮಾಲು ಎಂದು ಇನ್ನೊಬ್ಬರು ಹೇಳಿದರು. ಹೌದೇ? ಎಷ್ಟು ಹಳೆಯದಿರಬಹುದು? ಇಂಥ ರೀಲನ್ನು ಮೊದಲು ಮಾಡಿದವರು ಯಾರು? ಚೀನಾದವರು ಅನ್ನುತ್ತಾರಲ್ಲ, ನಿಜವೇ?

ಉತ್ತರ: ಅಗ್ಗದ ಮಾಲು ಎಂಬ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಗೇರು ಮಾಡಲು ಬಾರದ ಕಾಲದ ರೀಲೂ ಅಲ್ಲ ಅದು. ಹೈದರಾಲಿ ಮೈಸೂರು ಆಳುತ್ತಿದ್ದ ಕಾಲಕ್ಕೇ ಲಂಡನ್ನಿನ ಅಂಗಡಿಗಳಲ್ಲಿ ಗೇರಿನ ರೀಲು ಮಾರಾಟವಾಗುತ್ತಿತ್ತು. ಮುಕ್ಕಾಲು ಶತಮಾನ ಅದನ್ನು ಬಳಸಿ ನೋಡಿ, ಫ್ಲೈ ಫಿಶಿಂಗಿಗೆ ಹೊಂದುವುದಿಲ್ಲವೆಂದು ಕಂಡುಕೊಂಡು, ಬೇಕೆಂದೇ ಗೇರನ್ನು ಕೈಬಿಟ್ಟರು. ನಿಮ್ಮ ರೀಲು ಹಾಗೆ ಕೈಬಿಟ್ಟ ಮೇಲಿನದು. ಅದರ ಸರಳತನದ ಹಿಂದೆ ಬಹಳ ಜನರ ಅನುಭವವಿದೆ.

ಹಳೆ ರೀಲುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ ಒಂದೇ. ರೀಲು ಅರ್ಥವಾಗಬೇಕಾದರೆ ಅದಕ್ಕೆ ಸುತ್ತುತ್ತಿದ್ದ ದಾರ ಯಾವುದೆಂದು ಮೊದಲು ಕೇಳಬೇಕು. ರೀಲಿನ ಪ್ರತಿಯೊಂದು ಬದಲಾವಣೆಯೂ ದಾರ ತಂದಿಟ್ಟ ಯಾವುದೋ ಕಷ್ಟಕ್ಕೆ ಹುಡುಕಿದ ಪರಿಹಾರ.

ನಮ್ಮ ಹೊಳೆಗಳಲ್ಲಿ ಎಸೆಯುವ ಸಾಮಾನ್ಯ ಗಾಳದಲ್ಲಿ ಕೊಕ್ಕೆಯ ಹತ್ತಿರ ಸೀಸದ ಗುಂಡೋ ಎರೆಯೋ ಇರುತ್ತದೆ. ಆ ಭಾರ ಮುಂದೆ ಹೋಗುತ್ತದೆ, ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ಕೊಕ್ಕೆಗೆ ಗರಿ, ನೂಲು, ತುಪ್ಪಟ ಸುತ್ತಿ ನೊಣದ ಹಾಗೆ ಕಟ್ಟಿರುತ್ತಾರೆ. ಅದಕ್ಕೆ ತೂಕವೇ ಇಲ್ಲ, ಊದಿದರೆ ಹಾರುತ್ತದೆ. ಅದನ್ನು ಹದಿನೈದು ಮೀಟರ್ ದೂರ ಎಸೆಯುವುದು ಹೇಗೆ? ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿಕೊಂಡು, ಕೋಲನ್ನು ಚಾಟಿ ಬೀಸಿದಂತೆ ಹಿಂದಕ್ಕೂ ಮುಂದಕ್ಕೂ ಬೀಸಿ ದಾರವನ್ನೇ ಎಸೆಯುತ್ತಾರೆ. ಎಸೆಯಲು ಬೇಕಾದಷ್ಟು ದಾರವನ್ನು ಎಡಗೈ ಮೊದಲೇ ರೀಲಿನಿಂದ ಎಳೆದಿಟ್ಟುಕೊಂಡಿರುತ್ತದೆ. ಅಂದರೆ ಎಸೆತದ ಹೊತ್ತಿನಲ್ಲಿ ರೀಲು ತಿರುಗುವುದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಗೇರಿನ ಪ್ರಶ್ನೆಗೆ ಉತ್ತರ ಇಲ್ಲೇ ಅಡಗಿದೆ.

ಬಹಳ ಕಾಲ ಈ ಗಾಳಕ್ಕೆ ರೀಲೇ ಇರಲಿಲ್ಲ. ಕ್ರಿ.ಶ. 200ರ ಸುಮಾರಿನಲ್ಲಿ ರೋಮಿನ ಬರಹಗಾರ ಈಲಿಯನ್, ಮ್ಯಾಸಿಡೋನಿಯಾದ ಹೊಳೆಯೊಂದರಲ್ಲಿ ಕೆಂಪು ಉಣ್ಣೆ ಮತ್ತು ಕೋಳಿಯ ಗರಿ ಕಟ್ಟಿದ ಕೊಕ್ಕೆಯಿಂದ ಮೀನು ಹಿಡಿಯುತ್ತಿದ್ದವರನ್ನು ವರ್ಣಿಸಿದ್ದಾನೆ. ಕೋಲು ಆರು ಅಡಿ, ದಾರವೂ ಅಷ್ಟೇ ಉದ್ದ, ಅದನ್ನು ಕೋಲಿನ ತುದಿಗೆ ಕಟ್ಟಿದ್ದು. ಅಲ್ಲಿಂದ ಒಂದೂವರೆ ಸಾವಿರ ವರ್ಷ ಮುಂದೆ ಬಂದರೂ ಯುರೋಪಿನಲ್ಲಿ ಹೆಚ್ಚು ಕಡಿಮೆ ಇದೇ ಸ್ಥಿತಿ. ದಾರ ಅಂದರೆ ಕುದುರೆ ಬಾಲದ ಕೂದಲು. ಕೂದಲು ಒಂದು ಗಜಕ್ಕಿಂತ ಉದ್ದ ಬರುವುದಿಲ್ಲವಾದ್ದರಿಂದ ನಾಲ್ಕಾರು ಎಳೆ ಹೊಸೆದ ತುಂಡುಗಳನ್ನು ಗಂಟು ಹಾಕಿ ಹಾಕಿ ಉದ್ದ ಮಾಡಬೇಕಿತ್ತು. ಕೈ ಹತ್ತಿರ ದಪ್ಪ, ಕೊಕ್ಕೆ ಹತ್ತಿರ ಸಣ್ಣ. ಗಾಳಿಯಲ್ಲಿ ಬೀಸಲು ಅದು ಬಹಳ ಚೆನ್ನ. ಆದರೆ ಮೈತುಂಬ ಗಂಟು, ಕೋಲಿಗೆ ಹಾಕುವ ತಂತಿಯ ಬಳೆಯೊಳಗೆ ನುಸುಳುವುದಿಲ್ಲ. ಗಂಟಿನ ದಾರಕ್ಕೆ ರೀಲು ಕಟ್ಟಿ ಪ್ರಯೋಜನವೇನು? ದೊಡ್ಡ ಮೀನು ಸಿಕ್ಕಿ ಎಳೆದರೆ ಹದಿನೇಳನೆಯ ಶತಮಾನದ ಇಂಗ್ಲಿಷ್ ಗಾಳಗಾರ ಕೋಲನ್ನೇ ನೀರಿಗೆ ಎಸೆದುಬಿಡುತ್ತಿದ್ದ. ಮೀನು ಕೋಲನ್ನು ಎಳೆದಾಡಿ ಸುಸ್ತಾದ ಮೇಲೆ ಹೋಗಿ ಎತ್ತಿಕೊಳ್ಳುವುದು. ಕೇಳಲು ವಿಚಿತ್ರ ಅನಿಸಿದರೂ ಸರಿಯಾದ ಲೆಕ್ಕಾಚಾರವೇ. ದಾರ ಕೊಡಲು ಆಗದಿದ್ದರೆ ಕೋಲನ್ನಾದರೂ ಕೊಡಬೇಕು, ಇಲ್ಲವಾದರೆ ಕೂದಲು ಕಿತ್ತುಹೋಗುತ್ತದೆ.

ಈಗ ಚೀನಾದ ವಿಷಯ. ಅದು ನಿಜ. ದಕ್ಷಿಣ ಸಾಂಗ್ ರಾಜವಂಶದ ಆಸ್ಥಾನ ಚಿತ್ರಕಾರ ಮಾ ಯುವಾನ್ 1195ರ ಸುಮಾರಿಗೆ ಬರೆದ ಚಿತ್ರವೊಂದು ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಖಾಲಿ ಕೆರೆಯ ನಡುವೆ ಪುಟ್ಟ ದೋಣಿ, ಅದರ ತುದಿಯಲ್ಲಿ ಬಾಗಿ ಕುಳಿತ ಬೆಸ್ತ, ಅವನ ಕೈಯಲ್ಲಿ ಗಾಳದ ಕೋಲು, ಕೋಲಿನ ಮೇಲೆ ಸ್ಪಷ್ಟವಾಗಿ ಕಾಣುವ ಚಿಕ್ಕ ಚಕ್ರ. ಜಗತ್ತಿನಲ್ಲಿ ಉಳಿದಿರುವ ರೀಲಿನ ಅತಿ ಹಳೆಯ ಚಿತ್ರಗಳಲ್ಲಿ ಅದೊಂದು. ರೇಷ್ಮೆಯ ನಾಡಿನಲ್ಲಿ ರೀಲು ಮೊದಲು ಕಾಣಿಸಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಗಂಟಿಲ್ಲದ, ಎಷ್ಟು ಬೇಕಾದರೂ ಉದ್ದ ಬರುವ ದಾರ ಅವರಲ್ಲಿತ್ತು. ದಾರ ಸುತ್ತುವ ರಾಟೆಯೂ ಮನೆಮನೆಯಲ್ಲಿತ್ತು. ಆದರೆ ಅದು ನೊಣದ ಗಾಳವಲ್ಲ, ಆಳಕ್ಕೆ ಇಳಿಬಿಡುವ ಗಾಳ. ನಿಮ್ಮ ರೀಲಿನ ವಂಶವೃಕ್ಷ ಇಂಗ್ಲೆಂಡಿನಲ್ಲಿ ಬೇರೆಯಾಗಿ ಶುರುವಾಗುತ್ತದೆ.

ಅಲ್ಲಿ ರೀಲಿನ ಮೊದಲ ಉಲ್ಲೇಖ 1651ರಲ್ಲಿ. ಬರೆದವನು ಥಾಮಸ್ ಬಾರ್ಕರ್, ವೃತ್ತಿಯಿಂದ ಅಡುಗೆಯವನು. ಹನ್ನೆರಡು ಅಡಿಯ ಹೇಜಲ್ ಮರದ ಕೋಲು, ತುದಿಯಲ್ಲಿ ದಾರ ಓಡಾಡಲು ಒಂದು ತಂತಿಯ ಬಳೆ, ಬುಡದಿಂದ ಎರಡು ಅಡಿ ಮೇಲೆ ಕೋಲಿಗೆ ಕೊರೆದ ತೂತು, ಆ ತೂತಿನೊಳಗೆ ಸಿಕ್ಕಿಸಿದ ತಿರುಗುವ ಉರುಳೆ. ಬೇಕೆಂದಾಗ ದಾರ ಬಿಡಲು, ಬೇಕೆಂದಾಗ ಸುತ್ತಿಕೊಳ್ಳಲು. ಬಾರ್ಕರ್ ಇದನ್ನು ಕಂಡದ್ದು ಪೈಕ್ ಎಂಬ ಹಲ್ಲುಮೀನು ಹಿಡಿಯುವವನ ಕೈಯಲ್ಲಿ. 1657ರ ಮುದ್ರಣದಲ್ಲಿ ಸಾಲ್ಮನ್ ಹಿಡಿಯಲು ಇಪ್ಪತ್ತಾರು ಗಜ ದಾರದ ಜೊತೆ ಇದೇ ಸಾಧನವನ್ನು ಹೇಳಿ, ಅದರ ಚಿತ್ರವನ್ನೂ ಕೊಟ್ಟ. ದೊಡ್ಡ ಮೀನಿಗೆ ಮಾತ್ರ ರೀಲು, ಪುಟ್ಟ ಟ್ರೌಟಿಗೆ ಹಳೆಯ ಕಟ್ಟಿದ ದಾರವೇ ಸಾಕು ಎಂಬ ಭಾವನೆ ಮುಂದೆಯೂ ನೂರು ವರ್ಷ ಉಳಿಯಿತು.

ತೂತಿಗೆ ಸಿಕ್ಕಿಸುವ ಈ ಪದ್ಧತಿಯಲ್ಲಿ ಒಂದು ದೋಷವಿತ್ತು. ಕೋಲಿಗೆ ಎಲ್ಲಿ ತೂತು ಕೊರೆಯುತ್ತೀರೋ ಅಲ್ಲೇ ಅದು ಸೀಳುತ್ತದೆ. ಅದಕ್ಕೇ ಮುಂದೆ ತೊಗಲಿನ ಒಳಪದರವಿದ್ದ ಹಿತ್ತಾಳೆ ಪಟ್ಟಿಯಿಂದ ರೀಲನ್ನು ಕೋಲಿಗೆ ಬಿಗಿಯುವ ಕ್ರಮ ಬಂತು. ಆಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಉದ್ದನೆಯ ಚಪ್ಪಟೆ ಪಾದ ಬಂತು. ಪಾದದ ಎರಡು ತುದಿಗಳನ್ನು ಕೋಲಿನ ಬಳೆಗಳೊಳಗೆ ಸೇರಿಸಿದರೆ ಮುಗಿಯಿತು. ನಿಮ್ಮ ರೀಲಿಗೆ ಯಾವ ಬುಡ ಇದೆ ಎಂದು ನೋಡಿ. ಕಾಲ ಗುರುತಿಸಲು ಇದು ಮೊದಲ ಸಾಕ್ಷಿ.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಗಾಳದ ಸಾಮಾನು ಮಾರುವುದೇ ಒಂದು ಪೂರ್ಣ ಕಸುಬಾಯಿತು. ಟೆಂಪಲ್ ಬಾರ್ ಹತ್ತಿರದ ಬೆಲ್ ಯಾರ್ಡಿನಲ್ಲಿ ಒನೆಸಿಮಸ್ ಉಸ್ಟನ್‌ಸನ್ ಎಂಬವನ ಅಂಗಡಿಯಿತ್ತು. 1770ರ ಸುಮಾರಿನ ಅವನ ಜಾಹೀರಾತು ಚೀಟಿಯಲ್ಲಿ ಗೇರಿನ ಹಿತ್ತಾಳೆ ರೀಲುಗಳ ಹೆಸರಿದೆ. ಗೇರು ಯಾಕೆ ಬೇಕಾಯಿತು ಎಂಬುದಕ್ಕೆ ಚಿಕ್ಕದೊಂದು ಲೆಕ್ಕ ಸಾಕು. ಆಗಿನ ರೀಲು ಅಗಲಕ್ಕೆ ಜಾಸ್ತಿ, ಎತ್ತರಕ್ಕೆ ಕಡಿಮೆ. ಒಳಗಿನ ಅಚ್ಚು ಬೆರಳಿನಷ್ಟು ದಪ್ಪ, 15 ಮಿಲಿಮೀಟರ್ ಎಂದುಕೊಳ್ಳಿ. ಮೀನು ದಾರವನ್ನೆಲ್ಲ ಎಳೆದುಕೊಂಡು ಹೋಗಿ ಅಚ್ಚು ಬರಿದಾಗಿದ್ದರೆ ಹಿಡಿಯ ಒಂದು ಸುತ್ತಿಗೆ ಒಳಬರುವ ದಾರ ಐದು ಸೆಂಟಿಮೀಟರ್ ಕೂಡ ಇಲ್ಲ. ಒಂದು ಮೀಟರ್ ದಾರ ಎಳೆಯಲು 21 ಸುತ್ತು ಬೇಕು. ಅಷ್ಟರೊಳಗೆ ಮೀನು ತಿರುಗಿ ನಿಮ್ಮ ಕಡೆಗೇ ಓಡಿಬಂದರೆ ದಾರ ಸಡಿಲಾಗಿ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ದೊಡ್ಡ ಹಲ್ಲುಚಕ್ರವನ್ನು ಹಿಡಿಗೂ ಚಿಕ್ಕದನ್ನು ಉರುಳೆಗೂ ಸೇರಿಸಿದರೆ ಒಂದು ಸುತ್ತಿಗೆ ಮೂರು ನಾಲ್ಕು ಸುತ್ತು. ಗಡಿಯಾರದ ಊರಿನಲ್ಲಿ ಇದು ಯಾರಿಗಾದರೂ ಹೊಳೆಯುವ ಉಪಾಯ.

ಆದರೆ ಗೇರು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ವೇಗ ನಾಲ್ಕು ಪಟ್ಟಾದರೆ ಎಳೆತದ ಬಲ ನಾಲ್ಕರಲ್ಲೊಂದು. ಮೀನು ಭಾರವಾಗಿ ನಿಂತಿದ್ದಾಗ ಹಿಡಿ ತಿರುಗುವುದೇ ಇಲ್ಲ. ಬಲವಂತ ಮಾಡಿದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಆ ಕಾಲದ ಗೇರಿನ ರೀಲೊಂದನ್ನು ಬಿಚ್ಚಿದಾಗ ಚಿಕ್ಕ ಚಕ್ರದ ಹಲ್ಲುಗಳು ಒಂದೇ ಕಡೆಗೆ ಬಾಗಿ, ಎರಡು ಹಲ್ಲು ಬುಡದಲ್ಲೇ ಮುರಿದಿದ್ದವು. ಮುರಿದ ಚೂರು ಗಟ್ಟಿಯಾದ ಹಳೇ ಎಣ್ಣೆಯಲ್ಲಿ ಅಂಟಿಕೊಂಡು ಹಾಗೇ ಕೂತಿತ್ತು. ಕೈಯಲ್ಲಿ ಅರದಿಂದ ಕಡಿದ ಹಲ್ಲುಗಳವು, ಒಂದರಂತೆ ಒಂದಿಲ್ಲ. ಮೆದು ಹಿತ್ತಾಳೆ, ಸಾಲ್ಮನ್ನಿನ ಒಂದು ಜೋರು ಎಳೆತಕ್ಕೆ ತಡೆಯುವಂಥದ್ದಲ್ಲ. ಇಂಗ್ಲೆಂಡಿನ ಅನುಭವಸ್ಥರು ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಗೇರಿನ ರೀಲು ಬೇಡವೆಂದು ಬಹಿರಂಗವಾಗಿಯೇ ಬರೆಯತೊಡಗಿದರು.

ವಿಶೇಷವೆಂದರೆ ಅದೇ ಗೇರು ಅಮೆರಿಕದಲ್ಲಿ ಅದ್ಭುತವಾಗಿ ಗೆದ್ದಿತು. ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ಕೆಲಸದವನು 1810ರ ಆಸುಪಾಸಿನಲ್ಲಿ ಬ್ಲ್ಯಾಕ್ ಬಾಸ್ ಮೀನಿಗಾಗಿ ಗೇರಿನ ರೀಲು ಮಾಡಿದ. ಮುಂದೆ ಅದೇ ರಾಜ್ಯದ ಫ್ರಾಂಕ್‌ಫರ್ಟ್ ಊರಿನ ಮೀಕ್ ಸಹೋದರರು, ಅವರೂ ಗಡಿಯಾರದವರೇ, ಅದನ್ನು ಪರಿಪೂರ್ಣತೆಗೆ ಒಯ್ದರು. ಅಲ್ಲಿ ಹಲ್ಲು ಮುರಿಯಲಿಲ್ಲ, ಏಕೆಂದರೆ ಗಡಿಯಾರದ ಚಕ್ರ ಕಡಿಯುವ ಕೈ ಅದನ್ನು ಕಡಿದಿತ್ತು. ಅದಕ್ಕಿಂತ ಮುಖ್ಯವಾಗಿ ಅಲ್ಲಿನ ಗಾಳವೇ ಬೇರೆ. ಜೀವಂತ ಮರಿಮೀನನ್ನು ಕೊಕ್ಕೆಗೆ ಸಿಕ್ಕಿಸಿ ರೀಲಿನಿಂದ ನೇರವಾಗಿ ಎಸೆಯುತ್ತಿದ್ದರು. ಎಸೆತದಲ್ಲೇ ಉರುಳೆ ಸುಯ್ಯೆಂದು ತಿರುಗಬೇಕು, ಎಸೆದದ್ದನ್ನು ಪ್ರತಿಸಲ ಪೂರ್ತಿ ಸುತ್ತಿ ವಾಪಸು ತರಬೇಕು. ದಿನಕ್ಕೆ ನೂರು ಸಲ ಸುತ್ತುವವನಿಗೆ ಗೇರು ವರದಾನ. ಫ್ಲೈ ಗಾಳದವನು ದಾರವನ್ನು ಕೈಯಿಂದ ಎಳೆದುಕೊಳ್ಳುತ್ತಾನೆ, ರೀಲಿನ ಹಿಡಿ ಮುಟ್ಟುವುದು ದೊಡ್ಡ ಮೀನು ಸಿಕ್ಕಾಗ ಮತ್ತು ಮನೆಗೆ ಹೊರಡುವಾಗ. ಅವನಿಗೆ ರೀಲೆಂದರೆ ದಾರದ ಉಗ್ರಾಣ. ಉಗ್ರಾಣಕ್ಕೆ ಗೇರು ಯಾಕೆ?

ಹಾಗಾದರೆ ಐದು ಸೆಂಟಿಮೀಟರಿನ ಆ ಕಷ್ಟ ಏನಾಯಿತು? ಅದನ್ನು ಬೇರೊಂದು ದಾರಿಯಿಂದ ಬಗೆಹರಿಸಿದರು. ಉರುಳೆಯ ಅಗಲ ಕಡಿಮೆ ಮಾಡಿ ಎತ್ತರ ಹೆಚ್ಚಿಸಿದರು. ಅಷ್ಟೇ ದಾರ ಈಗ ಕಿರಿದಾದ ಜಾಗದಲ್ಲಿ ಎತ್ತರಕ್ಕೆ ಸುತ್ತಿಕೊಳ್ಳುತ್ತದೆ. ಸುತ್ತಿದ ದಾರದ ವ್ಯಾಸ 60 ಮಿಲಿಮೀಟರ್ ಆದರೆ ಹಿಡಿಯ ಒಂದು ಸುತ್ತಿಗೆ 19 ಸೆಂಟಿಮೀಟರ್ ಬರುತ್ತದೆ. ಮೀಟರಿಗೆ ಐದಾರು ಸುತ್ತು ಸಾಕು. ಒಂದೇ ಒಂದು ಹಲ್ಲುಚಕ್ರ ಸೇರಿಸದೆ ನಾಲ್ಕು ಪಟ್ಟು ವೇಗ ಸಿಕ್ಕಿತು. ಮುರಿಯಲು ಏನೂ ಇಲ್ಲ. ಯಂತ್ರ ವಿನ್ಯಾಸದಲ್ಲಿ ಇಂಥ ಪರಿಹಾರ ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ.

ಇಷ್ಟರಲ್ಲಿ ದಾರವೂ ಬದಲಾಗುತ್ತಿತ್ತು. ಕುದುರೆ ಕೂದಲಿಗೆ ರೇಷ್ಮೆ ಬೆರೆಸಿದರು, ಆಮೇಲೆ ಬರೀ ರೇಷ್ಮೆಯನ್ನೇ ಹೆಣೆದು ಅಗಸೆ ಎಣ್ಣೆ ಕುಡಿಸಿ ಒಣಗಿಸಿದರು. ಕೊಕ್ಕೆಯ ಹತ್ತಿರದ ತೆಳು ತುಂಡು ಕೂಡ ರೇಷ್ಮೆಹುಳುವಿನದೇ. ರಾಮನಗರದ ಕಡೆಯವರಿಗೆ ಇದು ಕುತೂಹಲ ಹುಟ್ಟಿಸೀತು. ಗೂಡು ಕಟ್ಟಲು ಸಿದ್ಧವಾದ ಹುಳುವಿನ ರೇಷ್ಮೆ ಗ್ರಂಥಿಯನ್ನು ವಿನಿಗರಿನಲ್ಲಿ ನೆನೆಸಿ ತೆಗೆದು ಎರಡು ಕಡೆಯಿಂದ ಎಳೆದರೆ ಗಾಜಿನಂಥ ಗಟ್ಟಿ ಎಳೆಯೊಂದು ಬರುತ್ತದೆ. ಸ್ಪೇನಿನ ಮುರ್ಸಿಯಾ ಈ ಎಳೆಗೆ ಹೆಸರಾಗಿತ್ತು. ಎಣ್ಣೆ ರೇಷ್ಮೆಯ ದಾರಕ್ಕೆ ಗಂಟಿಲ್ಲ, ಕೋಲಿನುದ್ದಕ್ಕೂ ಹಾಕಿದ ಬಳೆಗಳಲ್ಲಿ ಬೆಣ್ಣೆಯಂತೆ ಜಾರುತ್ತದೆ. ಆಗ ಪುಟ್ಟ ಟ್ರೌಟಿನ ಕೋಲಿಗೂ ರೀಲು ಖಾಯಂ ಆಯಿತು. ಅದರ ಹಿಂದೆಯೇ ಮೂರು ಹೊಸ ತೊಂದರೆ ಬಂದವು.

ಮೊದಲನೆಯದು ಹಿಡಿಯದು. ಹಳೇ ರೀಲಿನ ಹಿಡಿ ಬಾವಿ ರಾಟೆಯ ಕೈಯಂತೆ ಬಾಗಿದ ಸರಳು, ಹೊರಕ್ಕೆ ಚಾಚಿಕೊಂಡಿರುತ್ತಿತ್ತು. ಎಡಗೈಯಲ್ಲಿ ಎಳೆದಿಟ್ಟ ಸಡಿಲ ದಾರ ಗಾಳಿಗೆ ಹಾರಿ ಆ ಸರಳಿಗೆ ಸುತ್ತಿಕೊಳ್ಳುತ್ತಿತ್ತು. ಅದೇ ಕ್ಷಣಕ್ಕೆ ಮೀನು ಕಚ್ಚಿದರೆ ಎಲ್ಲಾ ಮುಗಿದಂತೆ. ಇದಕ್ಕೆ ಕಂಡುಕೊಂಡ ಉತ್ತರವೇ ನಿಮ್ಮ ಕೈಯಲ್ಲಿರುವ ರೀಲು. ಸರಳನ್ನು ಕಿತ್ತುಹಾಕಿ, ಇಡೀ ಪಕ್ಕದ ತಟ್ಟೆಯನ್ನೇ ತಿರುಗುವಂತೆ ಮಾಡಿ, ಅದರ ಅಂಚಿಗೆ ಪುಟ್ಟ ಹಿಡಿಯೊಂದನ್ನು ಕೂರಿಸಿದರು. ದಾರ ಸಿಕ್ಕಿಕೊಳ್ಳಲು ಚಾಚಿದ ಕೈಯೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಬ್ರಿಟನ್ನಿನಲ್ಲಿ ಇದೇ ರೂಢಿಯಾಯಿತು. ಹಿತ್ತಾಳೆ ಕೆಲಸಕ್ಕೆ ಹೆಸರಾದ ಬರ್ಮಿಂಗ್‌ಹ್ಯಾಮಿನಲ್ಲಿ ಇವು ರಾಶಿ ರಾಶಿ ತಯಾರಾಗಿ, ಊರೂರಿನ ಅಂಗಡಿಯವರು ತಮ್ಮ ಹೆಸರು ಕೊರೆಸಿ ಮಾರುತ್ತಿದ್ದರು.

ಎರಡನೆಯದು ಉರುಳೆಯ ಓಟ. ಹಿತ್ತಾಳೆ ಉರುಳೆ ಭಾರ. ಮೀನು ಒಮ್ಮೆ ಜಗ್ಗಿ ನಿಂತುಬಿಟ್ಟರೂ ಉರುಳೆ ತನ್ನ ಓಟದಲ್ಲಿ ಇನ್ನೂ ಹತ್ತು ಸುತ್ತು ತಿರುಗುತ್ತದೆ. ಹೊರಬಿದ್ದ ದಾರ ಒಳಗೇ ಗೋಜಲಾಗುತ್ತದೆ. ನಿಮಗೆ ಕೇಳಿಸುವ ಕಟಕಟ ಅದಕ್ಕೆ ಮದ್ದು. ಪಕ್ಕದ ತಟ್ಟೆಯೊಳಗೆ ಅಚ್ಚಿಗೆ ಹಾಕಿದ ಒಂದು ಹಲ್ಲುಚಕ್ರ, ಅದರ ಹಲ್ಲುಗಳ ನಡುವೆ ಮೂಗು ತೂರಿಸಿದ ತ್ರಿಕೋನದ ಉಕ್ಕಿನ ನಾಲಿಗೆ, ನಾಲಿಗೆಯ ಬೆನ್ನಿಗೆ ಒತ್ತಿದ ಬಾಗು ಸ್ಪ್ರಿಂಗು. ಪ್ರತಿ ಹಲ್ಲು ನಾಲಿಗೆಯನ್ನು ಪಕ್ಕಕ್ಕೆ ತಳ್ಳಿ ಹೋಗಬೇಕು, ಆ ತಳ್ಳುವಿಕೆಯಲ್ಲೇ ಉರುಳೆಯ ಸೊಕ್ಕು ಇಳಿಯುತ್ತದೆ. ಮೀನನ್ನು ತಡೆಯುವ ಬ್ರೇಕು ಅದಲ್ಲ. ಅಷ್ಟು ಬಿಗಿ ಮಾಡಿದರೆ ತೆಳು ಎಳೆ ಕಿತ್ತುಹೋಗುತ್ತದೆ. ಮೀನನ್ನು ತಡೆಯುವುದು ಗಾಳಗಾರನ ಬೆರಳು. ಸದ್ದು ಇದರ ಕೊಸರು ಲಾಭ. ಕಣ್ಣು ನೀರಿನ ಮೇಲಿದ್ದರೂ ದಾರ ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ಕಿವಿ ಹೇಳುತ್ತದೆ.

ಮೂರನೆಯದು ಕೊಳೆಯುವುದು. ಎಣ್ಣೆ ಕುಡಿಸಿದ್ದರೂ ಒದ್ದೆ ರೇಷ್ಮೆಯನ್ನು ಮುಚ್ಚಿದ ಹಿತ್ತಾಳೆ ಡಬ್ಬಿಯಲ್ಲಿ ಸುತ್ತಿಟ್ಟರೆ ಅಂಟಂಟಾಗಿ ಬಲಗೆಡುತ್ತದೆ. ಸಂಜೆ ಮನೆಗೆ ಬಂದು ದಾರ ಪೂರ್ತಿ ಬಿಚ್ಚಿ ಒಣಹಾಕಬೇಕು. ಈ ತೊಂದರೆಗೆ ಉತ್ತರ ಬಂದದ್ದು ಅಮೆರಿಕದಿಂದ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಬಂದೂಕು ತಯಾರಕ ವಿಲಿಯಂ ಬಿಲ್ಲಿಂಗ್‌ಹರ್ಸ್ಟ್ 1859ರಲ್ಲಿ ಪೇಟೆಂಟು ಪಡೆದ ರೀಲು ನೋಡಲು ಹಕ್ಕಿಯ ಪಂಜರ. ಬರೀ ತಂತಿ, ತಟ್ಟೆಯೇ ಇಲ್ಲ. ದಾರಕ್ಕೆ ಎಲ್ಲ ಕಡೆಯಿಂದಲೂ ಗಾಳಿ. ಅದನ್ನು ಕೋಲಿನ ಪಕ್ಕಕ್ಕೆ ಮಲಗಿಸಿ ಕಟ್ಟುತ್ತಿದ್ದರು.

ಅಲ್ಲಿಂದ ಹದಿನೈದು ವರ್ಷಕ್ಕೆ, 1874ರಲ್ಲಿ, ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರಿನ ಚಾರ್ಲ್ಸ್ ಆರ್ವಿಸ್ ಮಾಡಿದ ರೀಲು ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ತಿರುವು. ಪಕ್ಕದ ಎರಡೂ ತಟ್ಟೆಗಳ ತುಂಬ ದುಂಡು ತೂತುಗಳು. ಉರುಳೆ ಕಿರಿದು, ಎತ್ತರ. ಕೋಲಿನ ಅಡಿಗೆ ನೇರವಾಗಿ ನಿಲ್ಲುತ್ತದೆ. ಒಂದೊಂದು ರೀಲನ್ನೂ ವಾಲ್‌ನಟ್ ಮರದ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ತೂತಿನಿಂದ ತೂಕ ಇಳಿಯಿತು, ದಾರಕ್ಕೆ ಗಾಳಿ ಸಿಕ್ಕಿತು. ಕಿರಿದು ಮಾಡಿದ್ದರಿಂದ ದಾರ ಒಂದೇ ಕಡೆ ಗುಡ್ಡೆಯಾಗದೆ ಸಮನಾಗಿ ಕೂತಿತು, ಸುತ್ತಿನ ವೇಗವೂ ಹೆಚ್ಚಿತು. ಇಂದಿನ ಯಾವುದೇ ಫ್ಲೈ ರೀಲನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೂರು ವರ್ಷದ ನಂತರ ಮೇಯ್ನ್ ರಾಜ್ಯದ ಬ್ಯಾಂಗರಿನಲ್ಲಿ ಫಿಲ್‌ಬ್ರೂಕ್ ಎಂಬವನ ಪೇಟೆಂಟಿನ ಮೇಲೆ, ಕೋಲು ತಯಾರಕ ಹೈರಮ್ ಲೆನರ್ಡನ ಹೆಸರಿನ ರೀಲು ಹೊರಬಂತು. ಎರಡು ತಟ್ಟೆಗಳನ್ನು ಜೋಡಿಸುವ ಕಂಬಗಳನ್ನು ಅದರಲ್ಲಿ ತಟ್ಟೆಯ ಅಂಚಿನಿಂದಾಚೆಗೆ ಎತ್ತಿ ಕೂರಿಸಿದ್ದರು. ಅಷ್ಟೇ ಗಾತ್ರದ ರೀಲಿನಲ್ಲಿ ಇನ್ನಷ್ಟು ದಾರಕ್ಕೆ ಜಾಗವಾಯಿತು.

ಬ್ರಿಟನ್ನಿನ ಕಡೆ ನಾಟಿಂಗ್‌ಹ್ಯಾಮಿನ ಮರದ ರೀಲಿನ ಕತೆಯೂ ಇದೆ. ಲೇಸು ನೇಯುವ ಊರು ಅದು. ನೂಲಿನ ಉರುಳೆ ಕಡೆಯುವ ಕೈಗಳೇ ಟ್ರೆಂಟ್ ನದಿಯ ಗಾಳಗಾರರಿಗೆ ಹಗುರಾದ, ಊದಿದರೆ ತಿರುಗುವ ಮರದ ರೀಲು ಮಾಡಿಕೊಟ್ಟವು. ನೀರು ಕುಡಿದು ಮರ ಸೊಟ್ಟಗಾಗದಂತೆ ಬೆನ್ನಿಗೆ ನಕ್ಷತ್ರದಾಕಾರದ ಹಿತ್ತಾಳೆ ಪಟ್ಟಿ ಬಡಿಯುತ್ತಿದ್ದರು. ಅದು ಫ್ಲೈ ರೀಲಲ್ಲ, ಹೊಳೆಯ ಸೆಳವಿನಲ್ಲಿ ಬೆಂಡು ತೇಲಿಬಿಡುವವರದು. ಆದರೆ ರೀಲು ಹಗುರವಾಗಿರಬೇಕು ಎಂಬ ಆಸೆಯನ್ನು ಎಲ್ಲರಿಗೂ ಹಚ್ಚಿಸಿತು.

ಆ ಆಸೆ ಈಡೇರಿದ್ದು ನಾರ್ಥಂಬರ್ಲೆಂಡಿನ ಆಲ್ನಿಕ್ ಎಂಬ ಊರಿನಲ್ಲಿ. ಅಲ್ಲಿ 1872ರಲ್ಲಿ ವಿಲಿಯಂ ಹಾರ್ಡಿ ಬಂದೂಕಿನ ಅಂಗಡಿ ತೆರೆದ, ತಮ್ಮ ಜಾನ್ ಜೇಮ್ಸ್ ಜೊತೆಗೂಡಿದ. ಬಲುಬೇಗ ಅದು ಗಾಳದ ಅಂಗಡಿಯಾಯಿತು. 1888ರ ಅವರ ಪೇಟೆಂಟಿನಲ್ಲಿ ಉರುಳೆ ಬಾಲ್ ಬೇರಿಂಗಿನ ಮೇಲೆ ತಿರುಗುತ್ತದೆ. ಬೈಸಿಕಲ್ ಬೀದಿ ಬೀದಿಗೆ ಬಂದ ಕಾಲವದು, ಬಾಲ್ ಬೇರಿಂಗಿನ ಗುಣ ಆಗ ಯಾರಿಗೂ ಹೊಸದಲ್ಲ. 1891ರ ಹೊತ್ತಿಗೆ ಆ ರೀಲು ಪರ್ಫೆಕ್ಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಪರ್ಫೆಕ್ಟಿನ ತಟ್ಟೆಯನ್ನು ಎತ್ತಿ ತೆಗೆದರೆ ಒಳಗೆ ಅಚ್ಚಿನ ಸುತ್ತ ಸಾಸಿವೆ ಕಾಳಿಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳು ಉಂಗುರದಲ್ಲಿ ಸಾಲಾಗಿ ಕೂತಿರುತ್ತವೆ. ಒಂದು ಹನಿ ಎಣ್ಣೆ ಬಿಟ್ಟು ಬೆರಳಿನಿಂದ ತಟ್ಟಿದರೆ ಸಾಕು, ನಿಲ್ಲುವುದನ್ನೇ ಮರೆತಂತೆ ತಿರುಗುತ್ತದೆ. ಮೊದಲ ಪರ್ಫೆಕ್ಟುಗಳು ಪೂರ್ತಿ ಹಿತ್ತಾಳೆ. ಆದರೆ 1886ರಲ್ಲಿ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ವಿಧಾನ ಗೊತ್ತಾಗಿ, ಬೆಳ್ಳಿಯಷ್ಟು ದುಬಾರಿಯಾಗಿದ್ದ ಆ ಲೋಹ ಪಾತ್ರೆಯ ಲೋಹವಾಯಿತು. ರೀಲಿನವರೂ ಅದಕ್ಕೇ ಹೊರಳಿದರು. ಹಗುರಾದ ಉರುಳೆ ಮೀನಿನ ಮೊದಲ ಜಗ್ಗಿಗೆ ತಟ್ಟನೆ ತಿರುಗಿಕೊಳ್ಳುತ್ತದೆ. ಆ ಮೊದಲ ಜಗ್ಗಿನಲ್ಲೇ ತೆಳು ಎಳೆ ಹರಿಯುತ್ತಿದ್ದುದರಿಂದ ಇದು ಬಹಳ ದೊಡ್ಡ ಅನುಕೂಲ.

ಬೇರೆ ಪ್ರಯತ್ನಗಳೂ ನಡೆದವು. ಅಮೆರಿಕದ ಲೂಮಿಸ್ 1880ರಲ್ಲಿ, ಗಡಿಯಾರದಂತೆ ಸ್ಪ್ರಿಂಗು ಬಿಗಿದಿಟ್ಟು ತಾನೇ ದಾರ ಸುತ್ತಿಕೊಳ್ಳುವ ರೀಲಿಗೆ ಪೇಟೆಂಟು ಪಡೆದ. ಭಾರ ಜಾಸ್ತಿ, ದಾರಕ್ಕೆ ಜಾಗ ಕಡಿಮೆ. ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ 1884ರಲ್ಲಿ, ಎಸೆಯುವಾಗ ಇಡೀ ಉರುಳೆಯನ್ನು ಪಕ್ಕಕ್ಕೆ ತಿರುಗಿಸಿ ದಾರ ತುದಿಯಿಂದ ಬಿಚ್ಚಿಕೊಳ್ಳುವ ರೀಲು ಮಾಡಿದ. ಬ್ರ್ಯಾಡ್‌ಫರ್ಡಿನ ಬಟ್ಟೆ ಗಿರಣಿಯ ಇಲ್ಲಿಂಗ್‌ವರ್ತ್ 1905ರಲ್ಲಿ ಅದೇ ತತ್ವವನ್ನು ಮುಂದೊಯ್ದು ಉರುಳೆಯನ್ನು ಸ್ಥಿರವಾಗಿಟ್ಟ. ನಮ್ಮ ಪೇಟೆಗಳಲ್ಲಿ ಇಂದು ಮಾರುವ ಸಾಮಾನ್ಯ ಗಾಳದ ರೀಲು ಅದರ ಸಂತತಿ, ಅದರಲ್ಲಿ ಗೇರಿದೆ. ಗೇರಿಲ್ಲದ್ದು ಅಗ್ಗ ಎಂದು ನಿಮಗೆ ಹೇಳಿದವರು ಅದರೊಂದಿಗೆ ಹೋಲಿಸಿರಬೇಕು.

ಇನ್ನು ನಿಮ್ಮ ರೀಲಿನ ಕಾಲ. ಗಾಳಿತೂತಿಲ್ಲದ ಪೂರ್ತಿ ಹಿತ್ತಾಳೆ, ತಿರುಗುವ ತಟ್ಟೆ, ಕಟಕಟ ಚಕ್ರ, ಗೇರಿಲ್ಲ. ಪಾದ ಚಪ್ಪಟೆಯಾಗಿದ್ದರೆ ನಾನು ಅದನ್ನು 1850ರಿಂದ 1900ರ ನಡುವೆ ಇಡುತ್ತೇನೆ. ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾದದ್ದು 1854ರಲ್ಲಿ, ಮಡಿಕೇರಿ ಹತ್ತಿರ. ಅದಕ್ಕೂ ಇದು ಹೊಂದುತ್ತದೆ. ಮೂರು ಇಂಚು ಟ್ರೌಟಿಗೆ ದೊಡ್ಡದು, ದೊಡ್ಡ ಸಾಲ್ಮನ್ನಿಗೆ ಚಿಕ್ಕದು. ಹಾಗಾಗಿ ಅದರ ಒಡೆಯ ಕಾವೇರಿಯ ಮಧ್ಯಮ ಗಾತ್ರದ ಬಿಳಿಮೀನನ್ನು, ಅಂದರೆ ಮಹಶೀರನ್ನು, ಮನಸ್ಸಿನಲ್ಲಿಟ್ಟುಕೊಂಡಿರಬಹುದು. ಆಗಿನ ಬಿಳಿಯರಿಗೆ ಅದರ ಹುಚ್ಚು ಎಷ್ಟಿತ್ತೆಂದರೆ, ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬಗ್ಗೆ ಬರೆದ ದಪ್ಪ ಪುಸ್ತಕ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು.

ದಯವಿಟ್ಟು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದೇವರ ದೀಪದಂತೆ ಫಳಫಳ ಹೊಳೆಯಲಿ ಎಂದು ಮನೆಯಲ್ಲಿ ಯಾರಿಗಾದರೂ ಅನಿಸಿಯೇ ಅನಿಸುತ್ತದೆ. ಆ ಕಾಲದಲ್ಲಿ ಎಷ್ಟೋ ರೀಲುಗಳಿಗೆ ಬೇಕೆಂದೇ ಕಂದು ಬಣ್ಣ ಕಟ್ಟುತ್ತಿದ್ದರು, ಬಿಸಿಲಿಗೆ ಹೊಳೆದು ಮೀನು ಬೆದರದಿರಲೆಂದು. ಆ ಬಣ್ಣ ಹೋದರೆ ಮತ್ತೆ ಬರುವುದಿಲ್ಲ, ತೆಳುವಾಗಿ ಕೊರೆದ ಅಂಗಡಿಯ ಹೆಸರೂ ಅದರ ಜೊತೆಗೇ ಹೋಗುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಅಕ್ಷರ ಕಂಡರೂ ಕಾಣಬಹುದು. ಹಿಡಿಯನ್ನು ಭೂತಗನ್ನಡಿಯಲ್ಲಿ ನೋಡಿ. ಪುಟ್ಟ ಪುಟ್ಟ ಕಪ್ಪು ಚುಕ್ಕೆ ಗೀರುಗಳಿದ್ದರೆ ಮೂಳೆ, ಒಂದರ ಮೇಲೊಂದು ಹಾಯುವ ನಯವಾದ ಬಲೆಗೆರೆಗಳಿದ್ದರೆ ದಂತ. ದಂತವಾದರೆ ಮಾರುವ ಯೋಚನೆ ಬಿಡಿ, ನಮ್ಮ ದೇಶದಲ್ಲಿ ಆನೆದಂತದ ವ್ಯಾಪಾರ ನಿಷಿದ್ಧ.

ತಿರುಪುಗಳನ್ನು ಬಿಚ್ಚುವುದೂ ಬೇಡ. ಆ ಕಾಲದ ತಿರುಪು ಒಂದೊಂದೂ ಅದರದರ ತೂತಿಗೇ ಕಡೆದದ್ದು, ಅದಲು ಬದಲಾದರೆ ಎಳೆ ಕೆಟ್ಟುಹೋಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿಯನ್ನು ಸೂಜಿಯ ತುದಿಯಲ್ಲಿ ತೆಗೆದುಕೊಂಡು ಅಚ್ಚಿನ ಸಂದಿಗೆ ಬಿಡಿ, ಒಂದು ರಾತ್ರಿ ಹಾಗೇ ಇಡಿ. ಬೆಳಿಗ್ಗೆ ಹಿಡಿಯನ್ನು ಎರಡೂ ಕಡೆಗೆ ನಿಧಾನವಾಗಿ ತಿರುಗಿಸಿ ಕೇಳಿ. ಸದ್ದು ಎರಡೂ ಕಡೆಗೆ ಸಮನಾಗಿದ್ದರೆ ಒಳಗಿನ ನಾಲಿಗೆ, ಸ್ಪ್ರಿಂಗು ಕ್ಷೇಮವಾಗಿವೆ. ನಡುನಡುವೆ ಒಂದೊಂದು ಕಟ ತಪ್ಪುತ್ತಿದ್ದರೆ ಹಲ್ಲು ಸವೆದಿದೆ ಎಂದು ಅರ್ಥ, ಅದನ್ನು ಗಡಿಯಾರ ರಿಪೇರಿ ಬಲ್ಲ ಹಿರಿಯರೊಬ್ಬರ ಕೈಗೆ ಕೊಡಿ.